14,000 ಪೌಂಡ್ ಟ್ರೇಲರ್‌ಗೆ ಯಾವ ಡೀಸೆಲ್ ಪಿಕಪ್? ಮೊದಲು ಬಾಗಿಲು ತೆಗೆದು ನೋಡಿ

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಈಚೆಗೆ ಒಂದು ಫಿಫ್ತ್ ವ್ಹೀಲ್ ಟ್ರೇಲರ್ ಕೊಂಡೆವು. ಅದರ ಪ್ಲೇಟ್ ಮೇಲೆ ಒಟ್ಟು ತೂಕದ ಮಿತಿ 14,000 ಪೌಂಡ್ ಅಂತ ಇದೆ. ಮನೆಯಲ್ಲಿ ನಾಲ್ಕು ಜನ. ಪ್ರತಿ ಬೇಸಿಗೆಯಲ್ಲೂ ಕೊಲೊರಾಡೊ ಕಡೆ ಹೋಗುವ ಆಸೆ. ಎಳೆಯಲು ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಹುಡುಕುತ್ತಿದ್ದೇನೆ, 45,000 ಡಾಲರ್ ಒಳಗೆ. ಒಬ್ಬ ಗೆಳೆಯ, ಕಮಿನ್ಸ್ ಎಂಜಿನ್ ಬಿಟ್ಟು ಬೇರೆ ನೋಡಲೇಬೇಡ ಅನ್ನುತ್ತಾನೆ. ಇನ್ನೊಬ್ಬ, ಹೊಗೆ ನಿಯಮ ಬಿಗಿಯಾಗುವ ಮುಂಚಿನ ಗಾಡಿ ತಗೋ, ಅದಕ್ಕೆ ಸಾವೇ ಇಲ್ಲ ಅನ್ನುತ್ತಾನೆ. ನನಗೆ ಒಂದು ರ‍್ಯಾಮ್ 2500 ಇಷ್ಟವಾಗಿದೆ. 17,000 ಪೌಂಡ್ ಎಳೆಯುತ್ತೆ ಅಂತ ಮಾರುವವರು ಹೇಳಿದರು. ತಗೊಳ್ಳಲಾ?

ಉತ್ತರ: ತಗೋಬೇಡಿ. ಗಾಡಿ ಕೆಟ್ಟದ್ದು ಅಂತಲ್ಲ. ನಿಮ್ಮ ಟ್ರೇಲರ್‌ಗೆ ಅದು ಸಾಲದು, ಅಷ್ಟೇ.

ಮಾರುವವರು ಸುಳ್ಳು ಹೇಳಿಲ್ಲ. ಅದು 17,000 ಪೌಂಡ್ ಎಳೆಯಬಹುದು. ಆದರೆ ಎಳೆಯೋದು ಬೇರೆ, ಹೊರೋದು ಬೇರೆ. ಎತ್ತು ಎಷ್ಟು ಬೇಕಾದರೂ ಎಳೆಯಲಿ, ಗಾಡಿಯ ಅಚ್ಚು ತಡೆಯಬೇಕಲ್ವಾ? ಫಿಫ್ತ್ ವ್ಹೀಲ್ ಅಂದರೆ ಟ್ರೇಲರ್‌ನ ಮೂತಿ ಪಿಕಪ್‌ನ ಬೆನ್ನ ಮೇಲೆ ಕೂರುತ್ತದೆ. ಒಟ್ಟು ತೂಕದ 20ರಿಂದ 25 ಪರ್ಸೆಂಟ್ ನೇರವಾಗಿ ನಿಮ್ಮ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ವೇಟ್ ಅಂತಾರೆ. ಹಿಂದಿನ ಬಂಪರ್‌ಗೆ ಕೊಂಡಿ ಹಾಕುವ ಟ್ರೇಲರ್‌ನಲ್ಲಾದರೆ ಇದು 10ರಿಂದ 15 ಪರ್ಸೆಂಟ್ ಮಾತ್ರ.

ಲೆಕ್ಕ ಹಾಕೋಣ. 14,000ಕ್ಕೆ ಪಿನ್ ವೇಟ್ ಸುಮಾರು 3,000 ಪೌಂಡ್ ಅಂದುಕೊಳ್ಳಿ. ಇದು ಉದಾರವಾದ ಲೆಕ್ಕ, ಇನ್ನೂ ಜಾಸ್ತಿ ಬರಬಹುದು. ನಾಲ್ಕು ಜನ 600. ಟ್ರೇಲರ್‌ನ ಮೂತಿ ಕೂರಿಸುವ ಕೊಂಡಿ, ಅಂದರೆ ಫಿಫ್ತ್ ವ್ಹೀಲ್ ಹಿಚ್ಚೇ 200 ತೂಗುತ್ತದೆ. ಟೂಲ್ಸು, ಕೂಲರ್, ಮಕ್ಕಳ ಸೈಕಲ್ಲು ಸೇರಿ ಇನ್ನೊಂದು 200. ಒಟ್ಟು 4,000 ಪೌಂಡ್. ಈಗ ಆ ರ‍್ಯಾಮ್‌ನ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲ ಚೌಕಟ್ಟಿನ ಮೇಲೆ ಹಳದಿ ಬಿಳಿಯ ಒಂದು ಚಿಕ್ಕ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ನಾಲ್ಕು ಬಾಗಿಲಿನ, ಡೀಸೆಲ್ ಎಂಜಿನ್ನಿನ, ಲೆದರ್ ಸೀಟಿನ 2500 ಆದರೆ ಅಲ್ಲಿ 2,000 ಅಥವಾ ಸ್ವಲ್ಪ ಮೇಲೆ ಕಾಣುತ್ತದೆ. ನಿಮಗೆ ಬೇಕಾದ್ದರ ಅರ್ಧ.

ಇಷ್ಟು ಕಡಿಮೆ ಯಾಕೆ? ಈ ವರ್ಗದ ಗಾಡಿಗಳ ಒಟ್ಟು ತೂಕದ ಮಿತಿಯನ್ನು ಕಂಪನಿಗಳು ಬಹುಕಾಲ 10,000 ಪೌಂಡ್ ಆಸುಪಾಸಿನಲ್ಲೇ ಇಟ್ಟವು. ಅದಕ್ಕಿಂತ ಮೇಲೆ ಹೋದರೆ ಗಾಡಿ ಬೇರೆ ವರ್ಗಕ್ಕೆ ಸೇರುತ್ತದೆ, ನಿಯಮ ಬದಲಾಗುತ್ತದೆ. 6.7 ಲೀಟರ್ ಕಮಿನ್ಸ್ ಒಂದೇ 1,000 ಪೌಂಡ್ ಮೀರಿ ತೂಗುತ್ತದೆ. ಎಂಜಿನ್ ಭಾರವಾದಷ್ಟೂ ಹೊರುವ ಪಾಲು ಕಡಿಮೆ. ಸನ್‌ರೂಫ್, ದೊಡ್ಡ ಕ್ಯಾಬಿನ್, ನಾಲ್ಕು ಚಕ್ರದ ಡ್ರೈವ್, ಎಲ್ಲವೂ ಆ ಸ್ಟಿಕ್ಕರ್‌ನಿಂದಲೇ ಕಿತ್ತುಕೊಳ್ಳುವುದು.

ಈ ಪಾಠ ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಡೀಸೆಲ್ ಇದೇ ವರ್ಗದ್ದು. ಟ್ರೇಲರ್ ಸಲೀಸಾಗಿ ಎಳೆಯುತ್ತಿತ್ತು, ನಾನೂ ಬೀಗುತ್ತಿದ್ದೆ. ರಾತ್ರಿ ಹೊತ್ತು ಎದುರಿನವರು ಮಾತ್ರ ಮತ್ತೆ ಮತ್ತೆ ಲೈಟ್ ಮಿಣುಕಿಸುತ್ತಿದ್ದರು. ಹೈ ಬೀಮ್ ಹಾಕಿರಲಿಲ್ಲ. ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು, ಅದಕ್ಕೆ ಲೈಟು ಅವರ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಟ್ರಕ್ ಸ್ಟಾಪ್‌ನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಗಿಸಿದೆ. ಹಿಂದಿನ ಆಕ್ಸಲ್ ಮಿತಿ 6,200. ಚೀಟಿಯಲ್ಲಿ ಬಂದದ್ದು 6,880. ಟೈರುಗಳ ಒಟ್ಟು ಮಿತಿಗೆ ಕೈಯಳತೆ ದೂರದಲ್ಲಿದ್ದೆ. ಬೇಸಿಗೆ, ಕಾದ ಡಾಂಬರು, ಹಿಂದಿನ ಸೀಟಲ್ಲಿ ಮಕ್ಕಳು. ಆ ಚೀಟಿ ಈಗಲೂ ಗ್ಲೋವ್ ಬಾಕ್ಸಲ್ಲಿದೆ.

ಅದಕ್ಕೆ ನೀವು ನೋಡಬೇಕಾದ್ದು ಒಂದು ಟನ್ ವರ್ಗ. ರ‍್ಯಾಮ್ 3500, ಫೋರ್ಡ್ ಎಫ್-350, ಶೆವ್ರೊಲೆ ಅಥವಾ ಜಿಎಂಸಿ 3500ಎಚ್‌ಡಿ. ಈ 'ಒಂದು ಟನ್' ಅನ್ನೋದು ಹಳೇ ಕಾಲದ ಹೆಸರು, ಈಗಿನ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಒಂದೊಂದೇ ಚಕ್ರ ಇರುವ 3500 ಸಾಮಾನ್ಯವಾಗಿ 4,000 ಪೌಂಡ್ ಆಚೀಚೆ ಹೊರುತ್ತದೆ. ಹಿಂದೆ ನಾಲ್ಕು ಚಕ್ರದ ಡ್ಯೂಲಿ 5,000 ದಾಟುತ್ತದೆ. ನಿಮ್ಮ ಟ್ರೇಲರ್ ಒಂಟಿ ಚಕ್ರದ ಗಾಡಿಗೆ ಸರಿಯಾಗಿ ಅಂಚಿನಲ್ಲಿದೆ. ಮನಸ್ಸು ನಿರಾಳವಾಗಿರಬೇಕು ಅಂದರೆ ಡ್ಯೂಲಿ. ಅಡ್ಡಗಾಳಿಗೆ ಅದು ಅಲ್ಲಾಡುವುದು ಕಡಿಮೆ. ಹಿಂದಿನ ಒಂದು ಟೈರ್ ಸಿಡಿದರೆ ಪಕ್ಕದಲ್ಲೇ ಇನ್ನೊಂದು ಇರುತ್ತದೆ. ಪೇಟೆಯಲ್ಲಿ ಪಾರ್ಕಿಂಗ್ ಮಾಡುವಾಗ ಮಾತ್ರ ಬೈದುಕೊಳ್ಳುತ್ತೀರಿ. ಟೈರ್ ಬದಲಾಯಿಸುವ ದಿನವೂ ಬೈದುಕೊಳ್ಳುತ್ತೀರಿ, ಆರು ಬೇಕಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸಲ್ಲ. ಟೆಕ್ಸಾಸ್‌ನಲ್ಲಿ ಪಿಕಪ್ ಮತ್ತು ಟ್ರೇಲರ್‌ನ ತೂಕದ ಮಿತಿ ಎರಡೂ ಸೇರಿ 26,000 ಪೌಂಡ್ ದಾಟಿದರೆ, ಟ್ರೇಲರ್ ಕೂಡ 10,000ಕ್ಕಿಂತ ಜಾಸ್ತಿ ಇದ್ದರೆ, ಸ್ವಂತ ಬಳಕೆಯ ಆರ್‌ವಿಗೂ (ನಿಮ್ಮದರಂಥ ಪ್ರವಾಸದ ಟ್ರೇಲರ್‌ಗೂ) ಕ್ಲಾಸ್ ಎ ಲೈಸೆನ್ಸ್ ಬೇಕು. ವಾಣಿಜ್ಯದ ಸಿಡಿಎಲ್ ಅಲ್ಲ, ಅದರ ಸಾದಾ ರೂಪ. 14,000 ಮಿತಿಯ ಡ್ಯೂಲಿ ತಗೊಂಡರೆ ಒಟ್ಟು 28,000 ಆಯಿತು, ಲೈಸೆನ್ಸ್ ಬೇಕೇ ಬೇಕು. ಒಂಟಿ ಚಕ್ರದ 3500 ಮಿತಿ 11,600 ಇದ್ದರೆ 25,600, ಈಗಿನ ಲೈಸೆನ್ಸೇ ಸಾಕು. ಅದೇ ವರ್ಗದಲ್ಲಿ 12,300ರ ಗಾಡಿಯೂ ಇದೆ. ಆಗ 26,300, ಮತ್ತೆ ಲೈಸೆನ್ಸ್. ಬಾಗಿಲ ಚೌಕಟ್ಟಿನಲ್ಲಿ ಈ ಸಂಖ್ಯೆಯೂ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ.

ಈಗ ಎಂಜಿನ್ ವಿಷಯ. ನಿಮ್ಮ ಮೊದಲ ಗೆಳೆಯ ಅರ್ಧ ಸರಿ. ಕಮಿನ್ಸ್ ಒಳ್ಳೆಯದೇ. ಆದರೆ ಬ್ರ್ಯಾಂಡ್ ನೋಡಿ ಡೀಸೆಲ್ ತಗೊಳ್ಳೋದು ಮನೆತನ ನೋಡಿ ಹುಡುಗನನ್ನು ಒಪ್ಪಿಕೊಂಡ ಹಾಗೆ. ಮೂರೂ ಕಂಪನಿಗಳಲ್ಲಿ ಚಿನ್ನದಂಥ ವರ್ಷಗಳಿವೆ, ಕಣ್ಣೀರು ತರಿಸುವ ವರ್ಷಗಳೂ ಇವೆ. ವರ್ಷ ನೋಡಬೇಕು. ಅದರಲ್ಲೂ ಡೀಸೆಲ್ಲನ್ನು ಒತ್ತಡಕ್ಕೆ ಏರಿಸುವ ಪಂಪ್ ಯಾವುದು ಅಂತ ನೋಡಬೇಕು.

ಬಾಷ್‌ನ ಸಿಪಿ3 ಅನ್ನೋ ಪಂಪ್ ಇತ್ತು. ಮೂರು ಪಿಸ್ಟನ್, ಗಟ್ಟಿಮುಟ್ಟು, ಯಾರೂ ಅದರ ಹೆಸರು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಆಮೇಲೆ ಸಿಪಿ4 ಬಂತು. ಇದರಲ್ಲಿ ಕ್ಯಾಮ್ ಮೇಲೆ ಉರುಳುವ ಒಂದು ರೋಲರ್ ಇದೆ, ಅದು ಪಿಸ್ಟನ್ನನ್ನು ತಳ್ಳುತ್ತದೆ. ಇದಕ್ಕೆ ಬೇರೆ ಎಣ್ಣೆ ಇಲ್ಲ, ಡೀಸೆಲ್ಲೇ ಎಣ್ಣೆ. ಡೀಸೆಲ್‌ನಲ್ಲಿ ನೀರು ಅಥವಾ ಗಾಳಿ ಸೇರಿತು, ಜಿಡ್ಡು ಕಡಿಮೆಯಾಯಿತು ಅಂದರೆ ರೋಲರ್ ಸ್ವಲ್ಪ ತಿರುಗಿ ಅಡ್ಡ ನಿಲ್ಲುತ್ತದೆ. ಆಮೇಲೆ ಅದು ಉರುಳಲ್ಲ, ಉಜ್ಜುತ್ತದೆ. ಕಬ್ಬಿಣದ ಪುಡಿ ಏಳುತ್ತದೆ. ಆ ಪುಡಿ ಡೀಸೆಲ್ ಹಂಚುವ ಕೊಳವೆಗೆ, ಅಂದರೆ ರೈಲ್‌ಗೆ ಹೋಗುತ್ತದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಎಲ್ಲ ಇಂಜೆಕ್ಟರ್‌ಗೂ ಹೋಗುತ್ತದೆ, ವಾಪಸ್ ಟ್ಯಾಂಕಿಗೂ ಬರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಪಂಪ್ ಕೆಟ್ಟಿದ್ದಕ್ಕೆ ಇಡೀ ಇಂಧನ ವ್ಯವಸ್ಥೆ ಬದಲಾಯಿಸಬೇಕು. ಬಿಲ್ಲು 10,000 ಡಾಲರ್ ಹತ್ತಿರ ಹೋಗುತ್ತದೆ.

ಇದು ಅಮೆರಿಕದಲ್ಲಿ ಜಾಸ್ತಿ ಕಾಡಲು ಒಂದು ಕಾರಣ ಇಲ್ಲಿನ ಡೀಸೆಲ್. ಡೀಸೆಲ್‌ನ ಜಿಡ್ಡು ಅಳೆಯಲು ಒಂದು ಉಜ್ಜುವ ಪರೀಕ್ಷೆ ಇದೆ. ಎಷ್ಟು ಅಗಲದ ಸವೆತ ಬೀಳುತ್ತದೆ ಅಂತ ಅದರಲ್ಲಿ ನೋಡುತ್ತಾರೆ. ಯುರೋಪಿನ ಮಿತಿ 460 ಮೈಕ್ರಾನ್. ಅಮೆರಿಕದ್ದು 520. ಅಂದರೆ ಇಲ್ಲಿನ ಡೀಸೆಲ್ ಇನ್ನಷ್ಟು ಒಣಕಲಾಗಿದ್ದರೂ ನಿಯಮದ ಪ್ರಕಾರ ಪಾಸು.

ಸಿಪಿ4 ಎಲ್ಲೆಲ್ಲಿದೆ? 2011ರಿಂದ 2016ರ ಡ್ಯುರಾಮ್ಯಾಕ್ಸ್‌ನಲ್ಲಿ, ಅಂದರೆ ಶೆವ್ರೊಲೆ ಮತ್ತು ಜಿಎಂಸಿಯ ಡೀಸೆಲ್ ಎಂಜಿನ್ನಿನಲ್ಲಿ, ಆ ವರ್ಷಗಳದ್ದನ್ನು ಎಲ್‌ಎಂಎಲ್ ಅಂತ ಕರೆಯುತ್ತಾರೆ. 2011ರಿಂದ ಬಂದ ಫೋರ್ಡ್‌ನ 6.7 ಪವರ್‌ಸ್ಟ್ರೋಕ್‌ನಲ್ಲಿ. 2019 ಮತ್ತು 2020ರ ರ‍್ಯಾಮ್ ಕಮಿನ್ಸ್‌ನಲ್ಲಿ. ರ‍್ಯಾಮ್ 2021ರಲ್ಲಿ ಮತ್ತೆ ಸಿಪಿ3ಗೆ ಮರಳಿತು, ಆ ಎರಡು ವರ್ಷದ ಗಾಡಿಗಳಿಗೆ ರೀಕಾಲ್ ಕೂಡ ಆಯಿತು. ಅಂಥ ಗಾಡಿ ಸಿಕ್ಕರೆ ರೀಕಾಲ್ ಕೆಲಸ ಮುಗಿದಿದೆಯಾ ಅಂತ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ನೋಡಿ. ಸಿಪಿ4 ಇರುವ ಗಾಡಿ ಎಲ್ಲವೂ ಸಾಯುತ್ತೆ ಅಂತಲ್ಲ. ಲಕ್ಷ ಲಕ್ಷ ಮೈಲಿ ಓಡಿದವೂ ಇವೆ. ಆದರೆ ಸತ್ತಾಗ ಬರುವ ಬಿಲ್ಲು ನೋಡಿದರೆ, ಬೇರೆ ದಾರಿ ಇರುವಾಗ ಯಾಕೆ ಆ ಜೂಜು?

ನನ್ನ ಮೊದಲ ಆಯ್ಕೆ 2017ರಿಂದ 2019ರ ಶೆವ್ರೊಲೆ ಸಿಲ್ವರಾಡೊ ಅಥವಾ ಜಿಎಂಸಿ ಸಿಯೆರಾ 3500ಎಚ್‌ಡಿ. ಎಲ್5ಪಿ ಡ್ಯುರಾಮ್ಯಾಕ್ಸ್, 445 ಅಶ್ವಶಕ್ತಿ, 910 ಪೌಂಡ್-ಅಡಿ ಟಾರ್ಕ್. ಪಂಪ್ ಡೆನ್ಸೊ ಕಂಪನಿಯದು, ಸಿಪಿ4 ಅಲ್ಲ. ಅದರ ಜೊತೆ ಆರು ಗೇರಿನ ಆಲಿಸನ್ 1000. ಈ ಎಂಜಿನ್ ಮತ್ತು ಈ ಗೇರ್‌ಬಾಕ್ಸ್ ಜೊತೆಯಾಗಿದ್ದದ್ದು ಮೂರೇ ವರ್ಷ. 2020ರಲ್ಲಿ ಹತ್ತು ಗೇರಿನದು ಬಂತು. ಅದೂ ಕೆಟ್ಟದ್ದಲ್ಲ, ಆದರೆ ಈ ಹಳೇ ಜೋಡಿ ಚೆನ್ನಾಗಿ ಪಳಗಿದ್ದು.

ಎರಡನೆಯದು 2013ರಿಂದ 2018ರ ರ‍್ಯಾಮ್ 3500, ಆದರೆ ಹೈ ಔಟ್‌ಪುಟ್ ಕಮಿನ್ಸ್ ಮತ್ತು ಐಸಿನ್ ಗೇರ್‌ಬಾಕ್ಸ್ ಇರುವುದು ಮಾತ್ರ. ಕಮಿನ್ಸ್ ಭಕ್ತರು ಇಲ್ಲೇ ಎಡವುವುದು. ಎಂಜಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಗೇರ್‌ಬಾಕ್ಸ್ ಬಗ್ಗೆ ಚಕಾರ ಇಲ್ಲ. ಸಾಮಾನ್ಯ ಮಾದರಿಯಲ್ಲಿ ಬರುವ 68ಆರ್‌ಎಫ್‌ಇ ಗೇರ್‌ಬಾಕ್ಸ್ ಭಾರ ಎಳೆಯುವ ಕೆಲಸಕ್ಕೆ ಅಷ್ಟು ಗಟ್ಟಿಯಲ್ಲ. ಶಕ್ತಿ ಹೆಚ್ಚಿಸಲು ಎಂಜಿನ್ನಿಗೆ ಟ್ಯೂನಿಂಗ್ ಮಾಡಿಸಿದ ಗಾಡಿಯಲ್ಲಿ ಅದು ಇದ್ದರೆ ಹತ್ತಿರವೂ ಹೋಗಬೇಡಿ. 2500ರಲ್ಲಿ ಆ ವರ್ಷಗಳಲ್ಲಿ ಐಸಿನ್ ಸಿಗುತ್ತಲೇ ಇರಲಿಲ್ಲ. ಹೊರಗಿನಿಂದ ನೋಡಿ ಗೊತ್ತಾಗಲ್ಲ, ಬಿಲ್ಡ್ ಶೀಟ್, ಅಂದರೆ ಕಂಪನಿ ಆ ಗಾಡಿಗೆ ಏನೇನು ಹಾಕಿತ್ತು ಅನ್ನುವ ಪಟ್ಟಿ ತರಿಸಿ. ಇನ್ನೊಂದು ವಿಷಯ. ಈ 6.7 ಕಮಿನ್ಸ್‌ನಲ್ಲಿ ಚಳಿಗಾಲದಲ್ಲಿ ಗಾಳಿ ಬಿಸಿ ಮಾಡುವ ಒಂದು ಗ್ರಿಡ್ ಹೀಟರ್ ಇದೆ. ಅದರ ಬೋಲ್ಟ್ ಸುಟ್ಟು ಸವೆದು ಉದುರಿದರೆ ನೇರ ಸಿಲಿಂಡರಿಗೆ ಬೀಳುತ್ತದೆ. ಬೆರಳಿನ ತುದಿಯಷ್ಟು ಲೋಹ, ಇಡೀ ಎಂಜಿನ್ ಹೋಯಿತು. ಬೋಲ್ಟ್ ಬದಲಾಯಿಸುವ ಕಿಟ್ ಸಿಗುತ್ತದೆ. ಗಾಡಿ ತಂದ ತಿಂಗಳಲ್ಲೇ ಹಾಕಿಸಿ.

ಮೂರನೆಯದು 2017ರಿಂದ 2019ರ ಎಫ್-350. ಬಾಡಿ ಅಲ್ಯುಮಿನಿಯಂ, ಆರು ಗೇರಿನ ಗೇರ್‌ಬಾಕ್ಸ್ ಗಟ್ಟಿ, ಒಳಗೆ ಕೂತರೆ ಇಳಿಯಲು ಮನಸ್ಸಾಗಲ್ಲ. ಪಂಪ್ ಮಾತ್ರ ಸಿಪಿ4. ಪಂಪ್ ಕೆಟ್ಟರೂ ಪುಡಿ ಇಂಜೆಕ್ಟರ್‌ಗೆ ಹೋಗದಂತೆ ತಡೆಯುವ ಬೈಪಾಸ್ ಕಿಟ್ ಇದೆ. ಅದನ್ನು ಹಾಕಿಸಿಕೊಂಡು ನೀರಿನ ಫಿಲ್ಟರ್ ಬಗ್ಗೆ ಶಿಸ್ತಿನಿಂದ ಇರುವವರಿಗೆ ಇದು ಒಳ್ಳೆಯ ಗಾಡಿ. ನೀವು ಅಂಥವರಾ? ನಿಮಗೇ ಗೊತ್ತು.

ಇನ್ನು ಎರಡನೇ ಗೆಳೆಯನ 'ಸಾವಿಲ್ಲದ' ಹಳೇ ಗಾಡಿಗಳು. 1998ರವರೆಗಿನ 12 ವಾಲ್ವ್ ಕಮಿನ್ಸ್, 2003ರವರೆಗಿನ ಫೋರ್ಡ್ 7.3, 2006-07ರ ಎಲ್‌ಬಿಜಡ್ ಡ್ಯುರಾಮ್ಯಾಕ್ಸ್. ಮೂರೂ ನಿಜಕ್ಕೂ ಒಳ್ಳೆಯ ಎಂಜಿನ್‌ಗಳು, ನನಗೂ ಪ್ರೀತಿ ಇದೆ. ಆದರೆ 12 ವಾಲ್ವ್ ಪಿಕಪ್‌ನಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ 215 ಅಶ್ವಶಕ್ತಿ. 7.3 ಕೊನೆಗೆ ಮುಟ್ಟಿದ್ದು 275. ಎಂಜಿನ್ನಿಗೆ ಸಾವಿಲ್ಲ ಸರಿ, ಅದರ ಸುತ್ತ ಇರುವ ಬ್ರೇಕು, ಸ್ಟೀರಿಂಗು, ಗೇರ್‌ಬಾಕ್ಸು, ವೈರಿಂಗಿಗೆ ಸಾವಿದೆಯಲ್ಲ! ಇಳಿಜಾರಿನಲ್ಲಿ ಹಿಡಿಯಲು ಎಕ್ಸಾಸ್ಟ್ ಬ್ರೇಕ್ ಕೂಡ ಅವುಗಳಲ್ಲಿ ಕಂಪನಿಯಿಂದ ಜೋಡಿಸಿ ಬರುತ್ತಿರಲಿಲ್ಲ. ಹುಲ್ಲಿನ ಟ್ರೇಲರ್ ಹೊಲದಿಂದ ಹೊಲಕ್ಕೆ ಎಳೆಯಲು ತಗೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ಪರ್ವತ ದಾಟಲು ಬೇಡ. ಹಾಗೇ 2003ರಿಂದ 2007ರ ಫೋರ್ಡ್ 6.0 ಅಗ್ಗಕ್ಕೆ ಸಿಗುತ್ತದೆ. ಯಾಕೆ ಅಗ್ಗ ಅಂತ ಹೆಡ್ ಗ್ಯಾಸ್ಕೆಟ್ ಹೋದ ದಿನ ಗೊತ್ತಾಗುತ್ತದೆ. 6.4 ಕೂಡ ಬೇಡ.

ಎಕ್ಸಾಸ್ಟ್ ಬ್ರೇಕ್ ಬಗ್ಗೆ ಎರಡು ಮಾತು. ನೀವು ಹೋಗುವುದು ಕೊಲೊರಾಡೊಗೆ. ಐ-70 ರಸ್ತೆಯ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲಿದೆ. ಹತ್ತುವಾಗ ಟರ್ಬೊ ಇರುವುದರಿಂದ ಡೀಸೆಲ್ ಅಷ್ಟಾಗಿ ಏದುಸಿರು ಬಿಡಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಹೆದರಿಸುವುದು ಹತ್ತುವುದಲ್ಲ, ಇಳಿಯುವುದು. ಟರ್ಬೊದ ಒಳಗಿನ ರೆಕ್ಕೆಗಳನ್ನು ಮುಚ್ಚಿದರೆ ಹೊಗೆ ಹೊರಗೆ ಹೋಗಲು ಒದ್ದಾಡುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಕಾಲು ಬ್ರೇಕ್ ಮೇಲೆ ಇಲ್ಲದೆಯೇ ಹತ್ತಾರು ಸಾವಿರ ಪೌಂಡು ಒಂದೇ ವೇಗದಲ್ಲಿ ಇಳಿಯುತ್ತದೆ. ನಾನು ಹೇಳಿದ ಮೂರು ಗಾಡಿಗಳಲ್ಲೂ ಇದು ಇದೆ. ಟೆಸ್ಟ್ ಡ್ರೈವ್‌ನಲ್ಲಿ ಬಟನ್ ಒತ್ತಿ, ಕೆಲಸ ಮಾಡುತ್ತಾ ನೋಡಿ.

ಈಗ ಗಾಡಿ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಎಲ್ಲರೂ ಮೈಲಿ ನೋಡುತ್ತಾರೆ. ನೀವು ಗಂಟೆ ನೋಡಿ. ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಎಂಜಿನ್ ಅವರ್ಸ್ ಅಂತ ಇರುತ್ತದೆ. 90,000 ಮೈಲಿ, 4,500 ಗಂಟೆ ಅಂದರೆ ಸರಾಸರಿ ವೇಗ 20 ಮೈಲಿ. ಅಂದರೆ ಆ ಗಾಡಿ ಅರ್ಧ ಆಯಸ್ಸು ನಿಂತಲ್ಲೇ ಗುರುಗುಟ್ಟುತ್ತಾ ಕಳೆದಿದೆ. 1,20,000 ಮೈಲಿ, 2,800 ಗಂಟೆ ಅಂದರೆ ಸರಾಸರಿ 43. ಅದು ಹೆದ್ದಾರಿ ಗಾಡಿ. ಮೈಲಿ ಜಾಸ್ತಿ ಇದ್ದರೂ ನಾನು ಎರಡನೆಯದನ್ನೇ ತಗೊಳ್ಳುತ್ತೇನೆ. ಇದಕ್ಕೆ ಕಾರಣ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್. ಭಾರ ಎಳೆದಾಗ ಹೊಗೆ ಬಿಸಿಯಾಗಿ ಮಸಿ ತಾನಾಗೇ ಸುಟ್ಟುಹೋಗುತ್ತದೆ. ಸುಮ್ನೆ ನಿಂತು ಓಡುವ, ತರಕಾರಿ ತರಲು ಹೋಗಿ ಬರುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ನೀವೂ ಇದೇ ಗಾಡಿಯನ್ನು ದಿನಾ ನಾಲ್ಕು ಮೈಲಿ ದೂರದ ಆಫೀಸಿಗೆ ಮಾತ್ರ ಓಡಿಸುವವರಾದರೆ ಅದು ನಿಮ್ಮನ್ನು ಬಿಡಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಗೆ ಕರೆದುಕೊಂಡು ಹೋಗಿ. 'ಡಿಪಿಎಫ್ ಕಿತ್ತು ಹಾಕಿದ್ದೇವೆ, ಇನ್ನು ತಲೆನೋವಿಲ್ಲ' ಅನ್ನುವ ಗಾಡಿ ಬಂದರೆ ನಮಸ್ಕಾರ ಹೇಳಿ ಬನ್ನಿ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಅಂಥ ಗಾಡಿಗೆ ಸಾಮಾನ್ಯವಾಗಿ ಟ್ಯೂನಿಂಗ್ ಕೂಡ ಆಗಿರುತ್ತದೆ.

ಎಂಜಿನ್ ತಣ್ಣಗಿರುವಾಗ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಮುಂಚೆಯೇ ಸ್ಟಾರ್ಟ್ ಮಾಡಿ ಏನೋ ಮುಚ್ಚಿಟ್ಟಿರಬಹುದು. ಕೂಲಂಟ್ ಬಾಟಲಿಯಲ್ಲಿ ಎಣ್ಣೆಯ ಜಿಡ್ಡು ಇದೆಯಾ ನೋಡಿ. ಆಮೇಲೆ ಒಂದು ಕೆಲಸ ಮಾಡಿ, ಮಾರುವವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಒಬ್ಬ ಡೀಸೆಲ್ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಡೀಸೆಲ್ ಫಿಲ್ಟರ್ ಬಿಚ್ಚಿಸಿ. ಅದರಲ್ಲಿ ಉಳಿದ ಡೀಸೆಲ್ಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಮಿನುಗು ಮಿನುಗು ಕಂಡರೆ ಅದು ಪಂಪಿನ ಲೋಹ. ಒಂದು ಅಯಸ್ಕಾಂತ ಆಡಿಸಿದರೆ ಇನ್ನೂ ಸ್ಪಷ್ಟ. ಕೆಲವು ಕಡೆ ಹೊಸ ಫಿಲ್ಟರ್ ಈಗಷ್ಟೇ ಹಾಕಿರುತ್ತಾರೆ. ಹಾಗಿದ್ದರೆ ಹಳೆಯದು ಎಲ್ಲಿ ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಗುತ್ತೆ ಗಮನಿಸಿ. ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2317 ಅಂದರೆ 2017ರ 23ನೇ ವಾರ. ಗ್ರಿಪ್ ಚೆನ್ನಾಗಿ ಕಂಡರೂ ಅಷ್ಟು ಹಳೆಯ ಟೈರ್ ಮೇಲೆ ಟ್ರೇಲರ್ ಕಟ್ಟಬೇಡಿ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಪ್ರವಾಸದ ಹಾಗೇ ಎಲ್ಲ ತುಂಬಿಸಿ. ನೀರು, ಸಾಮಾನು, ಮಕ್ಕಳು, ಎಲ್ಲ. ಹತ್ತಿರದ ಟ್ರಕ್ ಸ್ಟಾಪ್‌ಗೆ ಹೋಗಿ ಒಮ್ಮೆ ಟ್ರೇಲರ್ ಜೊತೆ ತೂಗಿಸಿ, ಒಮ್ಮೆ ಬಿಚ್ಚಿಟ್ಟು ತೂಗಿಸಿ. ಪಿಕಪ್‌ನ ಎರಡು ಆಕ್ಸಲ್‌ಗಳ ಮೊತ್ತದಲ್ಲಿ ಬರುವ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ವೇಟ್. ಅಲ್ಲಿಯವರೆಗೆ ನಾನು ಹೇಳಿದ 3,000 ಕೂಡ ಅಂದಾಜೇ.

ಸದ್ಯಕ್ಕೆ ಆ ರ‍್ಯಾಮ್ 2500 ಮಾರುವವರಿಗೆ ಒಂದು ಮೆಸೇಜ್ ಹಾಕಿ, ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಫೋಟೊ ಕಳಿಸಿ ಅಂತ. ಅದರಲ್ಲಿ 4,000 ಇದ್ದರೆ ನಾನು ಹೇಳಿದ್ದೆಲ್ಲ ಮರೆತು ಇವತ್ತೇ ಅಡ್ವಾನ್ಸ್ ಕೊಡಿ. ಇರಲ್ಲ.